ಹಾರುಬಂಡಿ ಮಲೆನಾಡಿಗೆ ಯಾವಾಗ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ ಸೀಮೆಯ ಅಡಿಕೆ ತೋಟಗಳಲ್ಲಿ ಡ್ರೋನ್ ಹಾರಿಸಿ ಔಷಧಿ ಹೊಡೆಯುವುದು ನನ್ನ ಕಸುಬು. ತೋಟದ ಅಂಚಿನಲ್ಲಿ ಯಂತ್ರ ಇಟ್ಟು ಅದರ ತೋಳು ಬಿಚ್ಚುವಷ್ಟರಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಬಂದು ನಿಲ್ಲುತ್ತಾರೆ. ಎಕರೆಗೆ ಎಷ್ಟು ಎಂಬುದು ಮೊದಲ ಪ್ರಶ್ನೆ. ಇದರಲ್ಲಿ ಮನುಷ್ಯ ಕುಳಿತು ಹೋಗುವ ಕಾಲ ಯಾವಾಗ ಬರುತ್ತದೆ ಎಂಬುದು ಎರಡನೆಯದು. ಘಾಟಿ ರಸ್ತೆಯಲ್ಲಿ ರೋಗಿಯನ್ನು ಕರೆದೊಯ್ದವರು, ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಈಚೆ ದಡದಲ್ಲಿ ನಿಂತವರು ಇದನ್ನು ಕುತೂಹಲಕ್ಕಾಗಿ ಮಾತ್ರ ಕೇಳುವುದಿಲ್ಲ. ಆದ್ದರಿಂದ ನನಗೆ ತಿಳಿದಿರುವುದನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಹಾರುಬಂಡಿ ಎಂದರೆ ಯಾವುದು? ಹೆಲಿಕಾಪ್ಟರಿಗೂ ಇದಕ್ಕೂ ಏನು ವ್ಯತ್ಯಾಸ?

ಪತ್ರಿಕೆಗಳು ಏರ್ ಟ್ಯಾಕ್ಸಿ, ಹಾರುವ ಕಾರು, ಇವಿಟಾಲ್ ಎಂದೆಲ್ಲ ಬರೆಯುವ ಯಂತ್ರಗಳು ಇವೇ. ಬ್ಯಾಟರಿಯ ಬಲದಿಂದ ನಿಂತ ಜಾಗದಲ್ಲೇ ನೆಟ್ಟಗೆ ಮೇಲೇರಿ, ನೆಟ್ಟಗೆ ಕೆಳಗಿಳಿಯುತ್ತವೆ. ಹೆಲಿಕಾಪ್ಟರಿನಲ್ಲಿ ಒಂದು ದೊಡ್ಡ ರೋಟರ್ (ತಿರುಗುವ ಪಂಕ), ಅದನ್ನು ತಿರುಗಿಸುವ ಎಂಜಿನ್, ನಡುವೆ ತೊಡಕಾದ ಗೇರುಗಳು ಇರುತ್ತವೆ. ಇಲ್ಲಿ ಸಣ್ಣ ಸಣ್ಣ ರೋಟರುಗಳು ಹಲವು, ಪ್ರತಿಯೊಂದಕ್ಕೂ ತನ್ನದೇ ಮೋಟಾರ್. ಯಾವ ಮೋಟಾರ್ ಎಷ್ಟು ವೇಗವಾಗಿ ತಿರುಗಬೇಕು ಎಂಬುದನ್ನು ಒಳಗಿನ ಕಂಪ್ಯೂಟರ್ ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕಿ ಯಂತ್ರವನ್ನು ಸಮತೋಲದಲ್ಲಿ ಇಡುತ್ತದೆ. ನನ್ನ ಔಷಧಿ ಡ್ರೋನ್ ಕೆಲಸ ಮಾಡುವುದೂ ಹೀಗೆಯೇ. ಮನುಷ್ಯನನ್ನು ಹೊತ್ತ ಇಂಥ ವಿದ್ಯುತ್ ಯಂತ್ರ ಮೊದಲು ಹಾರಿದ್ದು 2011ರ ಅಕ್ಟೋಬರ್‌ನಲ್ಲಿ, ಜರ್ಮನಿಯಲ್ಲಿ. ಥಾಮಸ್ ಸೆಂಕೆಲ್ ಎಂಬಾತ ಹದಿನಾರು ರೋಟರುಗಳ ನಡುವೆ ಕುಳಿತು ಒಂದೂವರೆ ನಿಮಿಷ ಗಾಳಿಯಲ್ಲಿದ್ದ.

ಈಗಿನವು ಎರಡು ಜಾತಿ. ರೋಟರುಗಳ ಬಲದಿಂದಲೇ ತೇಲುವ, ಸಾಮಾನ್ಯವಾಗಿ ಒಬ್ಬರು ಇಬ್ಬರು ಕೂರುವ ಸಣ್ಣ ಯಂತ್ರಗಳು ಒಂದು. ಮೇಲೇರಿದ ಮೇಲೆ ವಿಮಾನದಂತೆ ರೆಕ್ಕೆಯ ಆಸರೆಯಲ್ಲಿ ಮುಂದೆ ಹೋಗುವ, ಹೆಚ್ಚಾಗಿ ನಾಲ್ಕೈದು ಜನರ ಯಂತ್ರಗಳು ಇನ್ನೊಂದು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಗತ್ತಿನಲ್ಲಿ ನಿಜವಾಗಿ ಹಾರುತ್ತಿವೆಯೇ, ಅಥವಾ ಬರೀ ವಿಡಿಯೊವೇ?

ಹಾರುತ್ತಿವೆ. ಅಮೆರಿಕದ ಪಿವೋಟಲ್ ಕಂಪನಿಯ ಹೆಲಿಕ್ಸ್ ಒಬ್ಬರೇ ಕೂರುವ, ಆದರೆ ರೆಕ್ಕೆ ಇರುವ ಸಣ್ಣ ಬಂಡಿ, ಒಂದು ಚಾರ್ಜಿಗೆ ಸುಮಾರು 32 ಕಿಲೋಮೀಟರ್ ಹೋಗುತ್ತದೆ. ಜೆಟ್ಸನ್ ಒನ್ ಎಂಬುದೂ ಒಬ್ಬರದೇ, ಸುಮಾರು 20 ನಿಮಿಷ ಹಾರುತ್ತದೆ. ಚೀನಾದ ಇಹಾಂಗ್ ಕಂಪನಿಯ ಯಂತ್ರದಲ್ಲಿ ಇಬ್ಬರು ಕೂರಬಹುದು, ಪೈಲಟ್ ಇರುವುದಿಲ್ಲ. ಅದಕ್ಕೆ ಅಲ್ಲಿನ ವಿಮಾನಯಾನ ಆಡಳಿತ 2023ರ ಅಕ್ಟೋಬರ್‌ನಲ್ಲಿ ಪ್ರಮಾಣಪತ್ರ ಕೊಟ್ಟಿತು. ಕ್ಯಾಲಿಫೋರ್ನಿಯಾದ ಜೋಬಿ ಕಂಪನಿಯದು ರೆಕ್ಕೆಯ ಜಾತಿ. ಪೈಲಟ್ ಮತ್ತು ನಾಲ್ವರು ಪ್ರಯಾಣಿಕರು, ಗಂಟೆಗೆ 320 ಕಿಲೋಮೀಟರ್‌ವರೆಗೆ ವೇಗ, ಸುಮಾರು 160 ಕಿಲೋಮೀಟರ್ ದೂರ.

ಬಿದ್ದು ಹೋದವರೂ ಇದ್ದಾರೆ. ಜರ್ಮನಿಯ ವೋಲೋಕಾಪ್ಟರ್ 2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ಪ್ರಯಾಣಿಕರನ್ನು ಹಾರಿಸುವುದಾಗಿ ಹೇಳಿತ್ತು. ಅದು ಆಗಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ದೇಶದ ಲಿಲಿಯಂ ಅದಕ್ಕೂ ಎರಡು ತಿಂಗಳು ಮೊದಲೇ ಹಾಕಿತ್ತು.

ಇಷ್ಟು ವರ್ಷವಾದರೂ ಇಪ್ಪತ್ತು, ಮೂವತ್ತು ಕಿಲೋಮೀಟರ್‌ಗೇ ಏಕೆ ಸುಸ್ತಾಗುತ್ತದೆ?

ಬ್ಯಾಟರಿಯ ಭಾರದಿಂದ. ಇದೊಂದು ಅರ್ಥವಾದರೆ ಉಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಸಿಕ್ಕಂತೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

80 ಕಿಲೋ ತೂಕದ ಒಬ್ಬರು, 100 ಕಿಲೋ ಚೌಕಟ್ಟು ಮತ್ತು ಮೋಟಾರುಗಳು, 120 ಕಿಲೋ ಬ್ಯಾಟರಿ, ಒಟ್ಟು 300 ಕಿಲೋದ ಬಂಡಿ ಎಂದುಕೊಳ್ಳಿ. ರೋಟರುಗಳು ಒಟ್ಟು ನಾಲ್ಕು ಚದರ ಮೀಟರ್ ಜಾಗವನ್ನು ಬೀಸುತ್ತವೆ ಎಂದಿಟ್ಟುಕೊಂಡರೆ, ಈ ಬಂಡಿ ಗಾಳಿಯಲ್ಲಿ ಸುಮ್ಮನೆ ನಿಲ್ಲುವುದಕ್ಕೇ 70ರಿಂದ 80 ಕಿಲೋವಾಟ್ ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ 5 ಎಚ್‌ಪಿಯ ಇಪ್ಪತ್ತು ಪಂಪ್‌ಸೆಟ್‌ಗಳನ್ನು ಒಟ್ಟಿಗೆ ಓಡಿಸಿದ ಹಾಗೆ. ಕಾಲು ಗಂಟೆ ನಿಂತರೆ ಇಪ್ಪತ್ತು ಯೂನಿಟ್‌ನಷ್ಟು, ಅಂದರೆ 20,000 ವಾಟ್-ಗಂಟೆಯಷ್ಟು ಕರೆಂಟ್ ಖರ್ಚು. ಈಗಿನ ಒಳ್ಳೆಯ ಬ್ಯಾಟರಿ ಪೆಟ್ಟಿಗೆ ಕಿಲೋಗೆ ಸುಮಾರು 200 ವಾಟ್-ಗಂಟೆ ಹಿಡಿಯುತ್ತದೆ. ಅಂದರೆ ಕಾಲು ಗಂಟೆಯ ಹಾರಾಟಕ್ಕೇ ನೂರು ಕಿಲೋ ಬೇಕು. ತಳ ಕಾಣುವವರೆಗೆ ಖಾಲಿ ಮಾಡಿದರೆ ಇಳಿಯುವಾಗ ಕೈಕೊಡುತ್ತದೆ, ಹಾಗಾಗಿ ಇನ್ನಿಪ್ಪತ್ತು ಕಿಲೋ ಮೇಲೆ ಬೇಕು. ಇನ್ನೂ ಹೆಚ್ಚು ದೂರ ಹೋಗಬೇಕೆಂದು ಬ್ಯಾಟರಿ ಹೆಚ್ಚಿಸಿದರೆ ಭಾರ ಹೆಚ್ಚುತ್ತದೆ, ಆ ಭಾರ ಎತ್ತಲು ಮತ್ತಷ್ಟು ಶಕ್ತಿ ಬೇಕಾಗುತ್ತದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12,000 ವಾಟ್-ಗಂಟೆ ಅಡಗಿದೆ. ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆದರೂ ಬ್ಯಾಟರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಉಳಿಯುತ್ತದೆ.

ನನ್ನ ಹತ್ತು ಲೀಟರಿನ ಡ್ರೋನಿನಲ್ಲಿ ಇದನ್ನು ದಿನವೂ ನೋಡುತ್ತೇನೆ. ಟ್ಯಾಂಕ್ ತುಂಬಿ ಹಾರಿಸಿದರೆ ಹತ್ತು, ಹನ್ನೆರಡು ನಿಮಿಷ. ಇಳಿಸಿ ಬ್ಯಾಟರಿ ಕಳಚಿದಾಗ ಅಂಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿರುತ್ತದೆ. ಮರದ ನೆರಳಿನಲ್ಲಿ ಒದ್ದೆ ಗೋಣಿಯ ಪಕ್ಕ ಇಟ್ಟು, ಅದು ಆರುವವರೆಗೆ ಚಾರ್ಜಿಗೆ ಹಾಕದೆ ಕಾಯುತ್ತೇನೆ. ಒಂದು ತೋಟ ಮುಗಿಸಲು ಬ್ಯಾಟರಿಯ ನಾಲ್ಕು ಜೊತೆ ಮತ್ತು ಒಂದು ಜನರೇಟರ್ ಒಯ್ಯುತ್ತೇನೆ. ಮನುಷ್ಯನನ್ನು ಹೊರುವ ಬಂಡಿಗೂ ಇದೇ ನಿಯಮ, ಅಂಕಿಗಳು ಮಾತ್ರ ದೊಡ್ಡವು.

ರೆಕ್ಕೆಯ ಜಾತಿ ಇಲ್ಲಿ ಗೆಲ್ಲುತ್ತದೆ. ಮೇಲೇರುವಾಗ, ಇಳಿಯುವಾಗ ಮಾತ್ರ ಇಷ್ಟು ಶಕ್ತಿ ಕುಡಿದು, ನಡುವಿನ ದಾರಿಯಲ್ಲಿ ಅದರ ಒಂದು ಪಾಲಿನಲ್ಲೇ ಸಾಗುತ್ತದೆ. ಮಲೆನಾಡಿಗೆ ಏನಾದರೂ ಪ್ರಯೋಜನವಾಗುವುದಿದ್ದರೆ ಅದು ರೆಕ್ಕೆಯ ಬಂಡಿಯಿಂದಲೇ ಎಂದು ನಾನು ನಂಬುತ್ತೇನೆ.

ನಮ್ಮ ಮಳೆಗಾಲದಲ್ಲಿ ಹಾರುತ್ತದೆಯೇ?

ಸ್ವಂತದ ಸಣ್ಣ ಬಂಡಿ ಹಾರುವುದಿಲ್ಲ. ಹಾರಿಸಲೂ ಬಾರದು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ, ಹುಲಿಕಲ್ ಕಡೆಯೂ ಕಡಿಮೆಯೇನಿಲ್ಲ. ಆದರೆ ನೀರಿಗಿಂತ ದೊಡ್ಡ ತೊಂದರೆ ಮಂಜಿನದು. ಮೋಟಾರಿಗೆ, ತಂತಿಗೆ ನೀರು ಹೋಗದಂತೆ ಮುಚ್ಚಬಹುದು. ಕಣ್ಣಿಗೆ ಏನೂ ಕಾಣದಿದ್ದರೆ ಏನು ಮಾಡುವುದು? ಸ್ವಂತದ ಸಣ್ಣ ಬಂಡಿಗಳನ್ನೆಲ್ಲ ಪೈಲಟ್ ಕಣ್ಣಿನಿಂದ ನೆಲ ನೋಡುತ್ತಾ ಹಾರಿಸಬೇಕು. ಆಷಾಢದಲ್ಲಿ ಬೆಳಿಗ್ಗೆ ಹತ್ತು ಗಂಟೆಗೂ ಎದುರು ಗುಡ್ಡ ಕಾಣದ ದಿನಗಳು ಎಷ್ಟಿವೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು.

ಗಾಳಿಯ ವಿಷಯ ಬೇರೆಯೇ. ನಮ್ಮ ತೋಟಗಳೆಲ್ಲ ಎರಡು ಗುಡ್ಡದ ನಡುವಿನ ತಗ್ಗಿನಲ್ಲಿವೆ. ಮಧ್ಯಾಹ್ನ ಎರಡು ಗಂಟೆಯ ನಂತರ ಆ ಕಣಿವೆಯಲ್ಲಿ ಗಾಳಿ ಕೊಳವೆಯೊಳಗೆ ನುಗ್ಗಿದಂತೆ ನುಗ್ಗುತ್ತದೆ. ಕೆಳಗೆ ನಿಂತವರಿಗೆ ಎಲೆ ಅಲುಗುವುದೂ ಕಾಣುವುದಿಲ್ಲ, ಅಡಿಕೆ ಮರದ ತುದಿ ದಾಟಿದ ಕೂಡಲೇ ಡ್ರೋನ್ ವಾಲುತ್ತದೆ. ಘಟ್ಟದ ಅಂಚಿನಲ್ಲಂತೂ ಸಮುದ್ರದ ಕಡೆಯಿಂದ ಬಂದ ಗಾಳಿ ಗೋಡೆಗೆ ಬಡಿದು ಮೇಲಕ್ಕೇಳುತ್ತದೆ, ತುದಿ ದಾಟಿದ ಮೇಲೆ ಸುಳಿಯಾಗಿ ಕೆಳಗಿಳಿಯುತ್ತದೆ. ಎತ್ತರದ ಜಾಗದಲ್ಲಿ ಗಾಳಿಯೇ ತೆಳು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ತೇಲಿ ನಿಲ್ಲಲು ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಹೆಚ್ಚು ಶಕ್ತಿ ಬೇಕು.

ನವೆಂಬರ್‌ನಿಂದ ಮಾರ್ಚ್‌ವರೆಗೆ, ಇಬ್ಬನಿ ಹರಿದ ಮೇಲೆ, ಗಾಳಿ ಏಳುವ ಮೊದಲು. ಸಣ್ಣ ಬಂಡಿಗೆ ನಮ್ಮ ಆಕಾಶ ಕೊಡುವ ಹೊತ್ತು ಅಷ್ಟೇ.

ಮನೆಯ ಅಂಗಳದಲ್ಲಿ ಇಳಿಸಬಹುದೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಅಂಗಳದಲ್ಲಿ ಜೀಪು ನಿಲ್ಲುವಷ್ಟು ಜಾಗ ಇದ್ದರೆ ಸಾಕು ಎಂದುಕೊಳ್ಳುತ್ತಾರೆ.

ಮೇಲೆ ಹೇಳಿದ 300 ಕಿಲೋದ ಬಂಡಿ ಗಾಳಿಯನ್ನು ಕೆಳಕ್ಕೆ ತಳ್ಳಿಯೇ ಮೇಲೆ ನಿಲ್ಲಬೇಕು. ರೋಟರಿನ ಹತ್ತಿರ ಆ ಗಾಳಿಯ ವೇಗ ಗಂಟೆಗೆ 60 ಕಿಲೋಮೀಟರ್‌ನಷ್ಟು, ಕೆಳಗೆ ಹೋದಂತೆ ಅದಕ್ಕೂ ಹೆಚ್ಚು. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಅಡಿಕೆ ಹರವಿರುತ್ತದೆ. ಅದೆಲ್ಲ ಹಾರಿ ಹಳ್ಳ ಸೇರುತ್ತದೆ. ಚಪ್ಪರದ ಸೋಗೆ ಏಳುತ್ತದೆ. ಹಳೆಯ ಹೆಂಚಿನ ಮಾಡಿನಲ್ಲಿ ಮೊಳೆ ಇಲ್ಲದೆ ಕೂತ ಹೆಂಚುಗಳು ಸಾಲಾಗಿ ಮಗುಚುತ್ತವೆ. ಹೆಂಚು ಹಾರಿ ಯಾರ ತಲೆಗೆ ಬೀಳುತ್ತದೆ ಎಂದು ಹೇಳಲಾಗದು. ನನ್ನ ಇಪ್ಪತ್ತೈದು ಕಿಲೋದ ಡ್ರೋನ್ ಒಮ್ಮೆ ಒಣಹಾಕಿದ ಪಂಚೆಯನ್ನು ಎಳೆದುಕೊಂಡು ರೋಟರಿಗೆ ಸುತ್ತಿಸಿಕೊಂಡಿದೆ. ಅಂದಿನಿಂದ ಹಾರಿಸುವ ಮೊದಲು ಸುತ್ತಲ ತಂತಿಯ ಮೇಲಿನ ಬಟ್ಟೆಯನ್ನೆಲ್ಲ ತೆಗೆಸುತ್ತೇನೆ.

ತಂತಿಗಳದು ಇನ್ನೊಂದು ಅಪಾಯ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್, ಕೇಬಲ್ ಟಿವಿಯ ವೈರ್, ಶರಾವತಿಯ ವಿದ್ಯುದಾಗಾರಗಳಿಂದ ಗುಡ್ಡ ಹತ್ತಿ ಇಳಿದು ಹೋಗುವ ಹೈಟೆನ್ಷನ್ ಲೈನುಗಳು. ಹಸಿರಿನ ಹಿನ್ನೆಲೆಯಲ್ಲಿ ತಂತಿ ಮೇಲಿನಿಂದ ಕಾಣುವುದೇ ಇಲ್ಲ. ಅನುಭವಿ ಹೆಲಿಕಾಪ್ಟರ್ ಪೈಲಟ್‌ಗಳೂ ಹೆದರುವುದು ಇದಕ್ಕೇ.

ಚಾರ್ಜ್ ಮಾಡುವುದು ಹೇಗೆ?

ಮನೆಯ ಸಿಂಗಲ್ ಫೇಸ್ ಸಂಪರ್ಕದಿಂದ 3 ಕಿಲೋವಾಟ್ ಎಳೆದರೆ ಇಪ್ಪತ್ತು ಯೂನಿಟ್ ತುಂಬಲು ಏಳು ಗಂಟೆ. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಊರುಗಳಲ್ಲಿ ಬೇರೆ ಮಾರ್ಗ ಬೇಕೇ ಬೇಕು. ಇಷ್ಟು ದೊಡ್ಡ ಲಿಥಿಯಂ ಬ್ಯಾಟರಿಯನ್ನು ಅಡಿಕೆ ಅಟ್ಟದ ಕೆಳಗೆ, ಸೌದೆ ಕೊಟ್ಟಿಗೆಯಲ್ಲಿ ಇಟ್ಟು ಚಾರ್ಜ್ ಮಾಡಬೇಡಿ. ಡ್ರೋನ್ ಬ್ಯಾಟರಿಗೂ ಇದೇ ಮಾತು. ಒಮ್ಮೆ ಹೊತ್ತಿಕೊಂಡರೆ ಕೊಡಪಾನದ ನೀರಿಗೆ ಆರುವ ಬೆಂಕಿ ಅದಲ್ಲ.

ಲೈಸೆನ್ಸ್ ಬೇಕೇ? ಅಮೆರಿಕದಲ್ಲಿ ಬೇಡವಂತಲ್ಲ?

ಅಮೆರಿಕದಲ್ಲಿ ಖಾಲಿ ತೂಕ 115 ಕಿಲೋಗಿಂತ ಕಡಿಮೆಯಿರುವ, ಒಬ್ಬರೇ ಕೂರುವ ಅಲ್ಟ್ರಾಲೈಟ್ ಯಂತ್ರಗಳಿಗೆ ಪೈಲಟ್ ಲೈಸೆನ್ಸ್ ಬೇಡ ಎಂಬ ನಿಯಮ ಇರುವುದು ನಿಜ. ತೇಲುದೋಣಿ, ಪ್ಯಾರಾಚೂಟ್‌ನಂಥ ಸುರಕ್ಷತಾ ಸಾಮಾನಿನ ತೂಕವನ್ನು ಬೇರೆ ಲೆಕ್ಕ ಹಾಕುತ್ತಾರೆ. ಆದರೆ ಅಲ್ಲೂ ಹಗಲಿನಲ್ಲಿ ಮಾತ್ರ, ಜನವಸತಿಯ ಮೇಲೆ ಹಾರದೆ, ಮನೋರಂಜನೆಗಾಗಿ ಮಾತ್ರ ಬಳಸಬೇಕು. ಕೆಲಸಕ್ಕೆ ಹೋಗಿ ಬರುವ ವಾಹನವಾಗಿ ಅದನ್ನು ಯಾರೂ ಒಪ್ಪಿಲ್ಲ.

ನಮ್ಮಲ್ಲಿ ಮನುಷ್ಯ ಕುಳಿತು ಹಾರುವ ಯಂತ್ರ ಎಂದರೆ ವಿಮಾನ. 1934ರ ಹಳೆಯ ವಿಮಾನ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಯಂತ್ರದ ಮಾದರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಒಪ್ಪಿಗೆ, ನೋಂದಣಿ, ಪೈಲಟ್‌ಗೆ ಲೈಸೆನ್ಸ್, ವೈದ್ಯಕೀಯ ಪರೀಕ್ಷೆ ಎಲ್ಲವೂ ಬೇಕು. ಸಾಮಾನ್ಯ ಖಾಸಗಿ ಪೈಲಟ್ ಲೈಸೆನ್ಸ್‌ಗೆ 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು.

ನನ್ನ ಬಳಿ ಡ್ರೋನ್ ಪೈಲಟ್ ಪ್ರಮಾಣಪತ್ರ ಇದೆ, ಅದು ಸಾಲದೇ?

ಸಾಲದು. 2021ರ ಡ್ರೋನ್ ನಿಯಮಗಳು ಮಾನವರಹಿತ ಯಂತ್ರಗಳಿಗೆ ಮಾತ್ರ. 500 ಕಿಲೋವರೆಗಿನ ಡ್ರೋನ್ ಅದರ ವ್ಯಾಪ್ತಿಯಲ್ಲಿದ್ದರೂ ಅದರ ಮೇಲೆ ಮನುಷ್ಯನನ್ನು ಕೂರಿಸುವಂತಿಲ್ಲ. ಹಳೆಯ ಮೋಟಾರುಗಳನ್ನು ಜೋಡಿಸಿ ತಾವೇ ಬಂಡಿ ಮಾಡಿ ಹತ್ತಿ ನೋಡಲು ಹೊರಟ ಹುಡುಗರು ಇಬ್ಬರು ನನ್ನನ್ನು ಭೇಟಿಯಾಗಿದ್ದಾರೆ. ಅವರ ಕೈಚಳಕ ದೊಡ್ಡದು. ಅಂಥವರಿಗೆ ನಾನು ಹೇಳುವುದು ಒಂದೇ: ಮರಳಿನ ಚೀಲ ಕಟ್ಟಿ, ಹಗ್ಗ ಕಟ್ಟಿ ಪ್ರಯೋಗ ಮಾಡಿ, ನೀವು ಹತ್ತಬೇಡಿ.

ಹಾರುತ್ತಿರುವಾಗ ಮೋಟಾರ್ ನಿಂತರೆ?

ಎಂಟು ಮೋಟಾರುಗಳಲ್ಲಿ ಒಂದು ನಿಂತರೆ ಉಳಿದವು ಹೊರುವಂತೆ ವಿನ್ಯಾಸ ಮಾಡಿರುತ್ತಾರೆ. ಪೂರ್ತಿ ವಿದ್ಯುತ್ ಹೋದರೆ ಕಥೆ ಬೇರೆ. ಹೆಲಿಕಾಪ್ಟರಿನ ದೊಡ್ಡ ರೋಟರ್ ಎಂಜಿನ್ ನಿಂತರೂ ಬೀಳುವ ಗಾಳಿಗೆ ತಾನೇ ತಿರುಗುತ್ತ ಇಳಿಯಬಲ್ಲದು. ಸಣ್ಣ ರೋಟರುಗಳಿಗೆ ಆ ಗುಣ ಇಲ್ಲ. ಆಗ ಉಳಿಯುವುದು ಪ್ಯಾರಾಚೂಟ್. ಅದು ಬಿಚ್ಚಿಕೊಳ್ಳಲು ಒಂದಿಷ್ಟು ಎತ್ತರ ಬೇಕು. ತೀರಾ ಕೆಳಗೆ, ಅಡಿಕೆ ಮರದ ತುದಿಯ ಮಟ್ಟದಲ್ಲಿ ತೊಂದರೆಯಾದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. ರೆಕ್ಕೆ ಇದ್ದರೆ ತೇಲಿಕೊಂಡು ಹೋಗಬಹುದು, ಆದರೆ ಮಲೆನಾಡಿನಲ್ಲಿ ತೇಲಿ ಹೋಗಿ ಇಳಿಯಲು ಗದ್ದೆ ಬಯಲು ಸಿಗಬೇಕಲ್ಲ.

ಬೆಲೆ ಎಷ್ಟು? ಈಗಲೇ ಮುಂಗಡ ಕೊಟ್ಟು ಕಾದಿರಿಸಬಹುದೇ?

ಹೆಲಿಕ್ಸ್ ಬೆಲೆ ಅಮೆರಿಕದಲ್ಲಿ 1,90,000 ಡಾಲರಿನಿಂದ ಶುರು, ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ಆಮದು ಸುಂಕ ಬೇರೆ.

ಮುಂಗಡ ಕೊಡಬೇಡಿ. ನಮ್ಮ ನೆಂಟರೊಬ್ಬರ ಬಳಿ ಒಬ್ಬ ಮಧ್ಯವರ್ತಿ ಬಂದು, ಜಮೀನಿನಲ್ಲಿ ಇಳಿದಾಣ ಮಾಡುತ್ತೇವೆ, ತಿಂಗಳಿಗೆ ಬಾಡಿಗೆ ಬರುತ್ತದೆ, ನೋಂದಣಿಗೆ ಇಷ್ಟು ಕಟ್ಟಿ ಎಂದು ಬಣ್ಣದ ಕಾಗದ ತೋರಿಸಿದ್ದ. ಆ ವರ್ಷದ ಅಡಿಕೆ ಮಾರಿದ ದುಡ್ಡು ಮನೆಯಲ್ಲಿತ್ತು. ಕೊಡುವ ಮೊದಲು ಅವರು ಮಗಳಿಗೆ ಫೋನ್ ಮಾಡಿದ್ದರಿಂದ ಉಳಿಯಿತು. ದೊಡ್ಡ ಹೆಸರಿನ ಕಂಪನಿಗಳೇ ದಿವಾಳಿಯಾಗುತ್ತಿರುವ ಕ್ಷೇತ್ರವಿದು. ಡಿಜಿಸಿಎ ಒಪ್ಪಿದ ಮಾದರಿ, ಆ ಮಾದರಿಯ ಪ್ರಮಾಣಪತ್ರ, ಇವನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಭಾರತದಲ್ಲಿ ಯಾರಾದರೂ ಮಾಡುತ್ತಿದ್ದಾರೆಯೇ?

ಚೆನ್ನೈನ ಐಐಟಿ ಮದ್ರಾಸ್‌ನಲ್ಲಿ ಹುಟ್ಟಿದ ಇ-ಪ್ಲೇನ್ ಕಂಪನಿ ಇದೆ. ಬೆಂಗಳೂರಿನ ಸರಳಾ ಏವಿಯೇಷನ್ ತನ್ನ ‘ಶೂನ್ಯ’ ಮಾದರಿಯನ್ನು 2025ರ ಜನವರಿಯಲ್ಲಿ ದೆಹಲಿಯ ವಾಹನ ಮೇಳದಲ್ಲಿ ತೋರಿಸಿತು. 1936ರಲ್ಲಿ ವಿಮಾನ ಹಾರಿಸಿದ ಸರಳಾ ಠುಕ್ರಾಲ್ ಅವರ ಹೆಸರನ್ನು ಆ ಕಂಪನಿ ಇಟ್ಟುಕೊಂಡಿದೆ. ಇಬ್ಬರ ಗುರಿಯೂ ಮೊದಲು ದೊಡ್ಡ ನಗರಗಳ ಟ್ರಾಫಿಕ್. ಆದರೆ ಇ-ಪ್ಲೇನ್ 2025ರಲ್ಲಿ 788 ಏರ್ ಆಂಬುಲೆನ್ಸ್‌ಗಳನ್ನು ಒದಗಿಸುವ ಒಪ್ಪಂದವನ್ನು ಪ್ರಕಟಿಸಿತು. ಒಪ್ಪಂದವೆಂದರೆ ಹಾರಾಟವಲ್ಲ, ಪ್ರಮಾಣಪತ್ರ ಸಿಗಬೇಕು. ಆದರೂ ನನ್ನ ಮನಸ್ಸಿಗೆ ಹತ್ತಿರವಾದ ಸುದ್ದಿ ಅದು.

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಇದೆಯಲ್ಲ, ಅಲ್ಲಿಂದ ಏರ್ ಟ್ಯಾಕ್ಸಿ ಬಿಡಬಹುದೇ?

ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಅದೇ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಬೆಂಗಳೂರಿನಿಂದ ಇಲ್ಲಿಗೆ ನೇರ ದೂರ ಸುಮಾರು 240 ಕಿಲೋಮೀಟರ್. ಜೋಬಿಯಂಥ ಬಂಡಿ ಒಂದು ಚಾರ್ಜಿಗೆ ಅಷ್ಟು ದೂರ ಬರಲಾರದು. ಸೋಗಾನೆಯಿಂದ ತೀರ್ಥಹಳ್ಳಿ, ಸಾಗರ, ಶೃಂಗೇರಿಗಳಾದರೆ ಅದರ ಕೈಯಳತೆಯಲ್ಲಿವೆ. ಚಾರ್ಜ್ ಮಾಡಲು, ಹವಾಮಾನ ನೋಡಲು, ದುರಸ್ತಿಗೆ ಒಂದು ಕೇಂದ್ರ ಬೇಕು ಎಂದಾದರೆ ಸೋಗಾನೆಗಿಂತ ತಕ್ಕ ಜಾಗ ಜಿಲ್ಲೆಯಲ್ಲಿಲ್ಲ. ಡ್ರೋನ್ ಇರುವವರು ಮಾತ್ರ ಗಮನಿಸಿ: ನಿಲ್ದಾಣದ ಪರಿಧಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ತುರ್ತಿನ ರೋಗಿಯನ್ನು ಮಣಿಪಾಲಕ್ಕೆ ಒಯ್ಯಲು ಆಗುತ್ತದೆಯೇ?

ನಾನು ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ.

ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹಕ್ಕಿ ಹಾರಿದರೆ ಸುಮಾರು 60 ಕಿಲೋಮೀಟರ್. ರಸ್ತೆಯಲ್ಲಿ ಎಂಬತ್ತು ದಾಟುತ್ತದೆ, ನಡುವೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳು. ಒಂದು ಜುಲೈ ರಾತ್ರಿ ನಮ್ಮ ಅತ್ತೆಯನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದಾಗ ನಾನು ಹಿಂದಿನ ಸೀಟಿನಲ್ಲಿ ಅವರ ತಲೆ ಹಿಡಿದು ಕುಳಿತಿದ್ದೆ. ಪ್ರತಿ ತಿರುವಿನಲ್ಲೂ ಸಲೈನ್ ಬಾಟಲಿ ಒಂದು ಕಡೆಗೆ ವಾಲುತ್ತಿತ್ತು, ಅವರ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಏಳನೆಯ ತಿರುವಿನಲ್ಲಿ ಮರ ಬಿದ್ದಿತ್ತು. ಮುಂದಿನ ಲಾರಿಯವರು ಕತ್ತಿಯಿಂದ ಕೊಂಬೆ ಕಡಿದು ದಾರಿ ಮಾಡುವವರೆಗೆ ನಲವತ್ತು ನಿಮಿಷ ನಿಂತೆವು. ಅತ್ತೆ ಬದುಕಿದರು. ಆ ನಲವತ್ತು ನಿಮಿಷ ನನಗೆ ಇಂದೂ ಮರೆತಿಲ್ಲ.

ರೆಕ್ಕೆಯ ವಿದ್ಯುತ್ ಬಂಡಿ ಆ ದೂರವನ್ನು ಇಪ್ಪತ್ತು ನಿಮಿಷದಲ್ಲಿ ದಾಟಬಲ್ಲದು. ಘಟ್ಟ ಇಳಿಯುವ ದಾರಿ ಆದ್ದರಿಂದ ಶಕ್ತಿಯೂ ಕಡಿಮೆ ಸಾಕು. ಆದರೆ ನಾನು ಹೇಳಿದ ರಾತ್ರಿಯಲ್ಲಿ, ಆ ಮಳೆಯಲ್ಲಿ, ಇವತ್ತಿನ ಯಾವ ಬಂಡಿಯೂ ಹೋಗುತ್ತಿರಲಿಲ್ಲ. ಹಗಲಿನಲ್ಲಿ, ಮಳೆ ಬಿಟ್ಟ ತಿಂಗಳುಗಳಲ್ಲಿ ಹೋಗಬಹುದು. ಅಷ್ಟೇ ಆದರೂ ಪ್ರಯೋಜನವಿದೆ. ಹೃದಯಾಘಾತ, ಹೆರಿಗೆಯ ತೊಂದರೆ, ಅಡಿಕೆ ಕೊನೆ (ಗೊನೆ) ಕೊಯ್ಯಲು ಹತ್ತಿ ಮರದಿಂದ ಬಿದ್ದ ಕೊನೆಗೌಡರ ಬೆನ್ನುಮೂಳೆ ಇವೆಲ್ಲ ವರ್ಷದ ಹನ್ನೆರಡು ತಿಂಗಳೂ ಇವೆ. ಕೊನೆ ಕೊಯ್ಲು ನಡೆಯುವುದೇ ಮಳೆ ಬಿಟ್ಟ ಮೇಲೆ. ಸ್ವಂತ ಬಂಡಿಯ ಆಸೆ ಇರುವವರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ: ಈ ತಂತ್ರಜ್ಞಾನಕ್ಕೆ ಸರ್ಕಾರ ಮಲೆನಾಡಿನಲ್ಲಿ ಒಂದು ರೂಪಾಯಿ ಖರ್ಚು ಮಾಡುವುದಿದ್ದರೂ ಅದು ರೋಗಿಯ ಬಂಡಿಗೆ ಮೊದಲು ಸಲ್ಲಬೇಕು.

ಹಾಗಾದರೆ ನಮ್ಮ ಕಡೆಗೆ ಮೊದಲು ಬರುವುದು ಏನು?

ಮನುಷ್ಯನಿಲ್ಲದೆ ಔಷಧಿ ಹೊತ್ತು ಬರುವ ಡ್ರೋನ್. ಇದು ಕನಸಿನ ಮಾತಲ್ಲ. ಆಫ್ರಿಕಾದ ರುವಾಂಡದಲ್ಲಿ ಜಿಪ್‌ಲೈನ್ ಕಂಪನಿ 2016ರಿಂದ ರೆಕ್ಕೆಯ ಡ್ರೋನ್‌ಗಳಲ್ಲಿ ರಕ್ತದ ಚೀಲಗಳನ್ನು ಗುಡ್ಡಗಾಡಿನ ಆಸ್ಪತ್ರೆಗಳಿಗೆ ಪ್ಯಾರಾಚೂಟ್ ಕಟ್ಟಿ ಇಳಿಸುತ್ತಿದೆ. ಅದೂ ನಮ್ಮಂತೆಯೇ ಗುಡ್ಡದ ನಾಡು. ನಮ್ಮ ಮಣಿಪುರದಲ್ಲಿ 2021ರ ಅಕ್ಟೋಬರ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೋವಿಡ್ ಲಸಿಕೆಯನ್ನು ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಡ್ರೋನ್‌ನಲ್ಲಿ ಕಳಿಸಿತು. ರಸ್ತೆಯಲ್ಲಿ 26 ಕಿಲೋಮೀಟರ್ ಆಗುವ ದಾರಿ, ಗಾಳಿಯಲ್ಲಿ 15 ಕಿಲೋಮೀಟರ್, ಹಿಡಿದದ್ದು ಹದಿನೈದು ನಿಮಿಷದೊಳಗೆ. ಘಟ್ಟದ ಕೆಳಗೆ ಕಾರ್ಕಳದಿಂದ ಮಣಿಪಾಲಕ್ಕೆ ಶಸ್ತ್ರಚಿಕಿತ್ಸೆಯ ಅಂಗಾಂಶದ ಮಾದರಿಯನ್ನು ಡ್ರೋನ್ ಒಯ್ದ ಪ್ರಯೋಗವೂ ನಡೆದಿದೆ.

ಲೋಕ್ತಾಕ್ ಸುದ್ದಿ ಓದಿದಾಗ ನನಗೆ ತುಮರಿ ನೆನಪಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರು ಆ ಸೀಮೆಯನ್ನು ಹೊರಗಿನಿಂದ ಕತ್ತರಿಸಿತು. ಸಂಜೆಯಾದರೆ ಲಾಂಚ್ ನಿಲ್ಲುತ್ತಿತ್ತು, ಆಮೇಲೆ ಕಾಯಿಲೆ ಬಿದ್ದವರು ಬೆಳಗಿನವರೆಗೆ ಕಾಯಬೇಕಿತ್ತು. ಎರಡು ತಲೆಮಾರು ಹೀಗೆ ಕಾದ ಮೇಲೆ 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯಿತು.

ಹಾವಿನ ಕಡಿತದ ಔಷಧಿಯನ್ನು ಮೊದಲು ನೆನೆಯುತ್ತೇನೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿಯ ಬಾಟಲಿ ಮುಗಿದಿದ್ದರೆ, ತಾಲ್ಲೂಕು ಆಸ್ಪತ್ರೆಯಿಂದ ಹತ್ತು ಬಾಟಲಿ ತರಲು ಎರಡು ಕಿಲೋ ಹೊರುವ ಡ್ರೋನ್ ಸಾಕು. ಅದರ ಬೆಲೆ ಹಾರುಬಂಡಿಯ ಬೆಲೆಯ ಒಂದು ಚಿಕ್ಕ ಪಾಲು.

ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಕುಳಿತು ಹಾರುವ ಬಂಡಿ ಉಪಯೋಗವಾಗುವುದಿಲ್ಲವೇ?

ಇಲ್ಲ. ಕೊನೆ ಇರುವುದು ಸೋಗೆಯ ಕೆಳಗೆ. ಮೇಲಿನಿಂದ ಹೊಡೆದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಸೋಗೆಗೆ ಬೀಳುತ್ತದೆ, ಕಾಯಿಗೆ ತಲುಪುವುದು ಅರೆಬರೆ. ಸುಣ್ಣದ ಗಸಿ ನಾಜಲ್ ಕಟ್ಟುತ್ತದೆ. ನನ್ನ ಡ್ರೋನಿಗೇ ಇಷ್ಟು ತೊಡಕಿದೆ. ಈ ಕೆಲಸಕ್ಕೆ ಇಂದಿಗೂ ಹಗುರವಾದ ಕಾರ್ಬನ್ ಫೈಬರ್ ದೋಟಿ ಒಳ್ಳೆಯದು, ನೆಲದ ಮೇಲೆ ಎರಡೂ ಕಾಲಿಟ್ಟು ಕೊಯ್ಯಬಹುದು.

ಕಾಡಿಗೆ, ಹಕ್ಕಿ ಪ್ರಾಣಿಗಳಿಗೆ ತೊಂದರೆಯಾಗದೇ?

ಆಗುತ್ತದೆ. ವಿದ್ಯುತ್ ಬಂಡಿ ಹೆಲಿಕಾಪ್ಟರಿಗಿಂತ ಮೃದು ಎನ್ನುವುದು ಸತ್ಯ. ಜೋಬಿಯ ಯಂತ್ರ 500 ಮೀಟರ್ ಎತ್ತರದಲ್ಲಿ ದಾಟಿದಾಗ ನೆಲದಲ್ಲಿ ಕೇಳುವ ಸದ್ದು ಸುಮಾರು 45 ಡೆಸಿಬೆಲ್ ಎಂದು ನಾಸಾ ಜೊತೆಗಿನ ಪರೀಕ್ಷೆಯಲ್ಲಿ ಅಳೆದಿದ್ದಾರೆ, ಮಾತಿಗಿಂತ ಮೆಲ್ಲಗೆ. ಕೆಳಗಿಳಿದಾಗ ಮಾತ್ರ ಹಾಗಲ್ಲ. ಶರಾವತಿ ಕಣಿವೆಯ ಸಿಂಗಳೀಕಗಳು ಮರದಿಂದ ಮರಕ್ಕೆ ಹೋಗುತ್ತ ಬದುಕುವ ಪ್ರಾಣಿಗಳು, ಅವುಗಳ ಮನೆಯೇ ಕಾಡಿನ ಮರಗಳ ಮೇಲ್ಛಾವಣಿ. ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಒಂದೇ ಒಂದು ಯಂತ್ರ ತಗ್ಗಿನಲ್ಲಿ ಸುತ್ತು ಹೊಡೆದರೆ ಗೂಡು ಬಿಟ್ಟೇಳುತ್ತವೆ, ಮರಿಗಳು ನೀರಿಗೆ ಬೀಳುತ್ತವೆ. ಮಂಗಟ್ಟೆಗಳು, ಹದ್ದುಗಳು ಹಾರುವ ಎತ್ತರವೂ ಈ ಬಂಡಿಗಳ ಎತ್ತರವೂ ಒಂದೇ. ಅಭಯಾರಣ್ಯಗಳ ಮೇಲೆ ದಾರಿಯನ್ನೇ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜೋಗದ ಮೇಲೆ ಪ್ರವಾಸಿಗರನ್ನು ಹಾರಿಸುವುದು?

ಬೇಡ. 253 ಮೀಟರ್ ಎತ್ತರದಿಂದ ಬೀಳುವ ನೀರಿನ ಸದ್ದನ್ನು ಕೇಳಲು ಜನ ಬರುತ್ತಾರೆ. ಅದರ ಮೇಲೆ ರೋಟರಿನ ಸದ್ದು ಏಕೆ ಬೇಕು?

ಹಾರುಬಂಡಿ ಬಂದ ಮೇಲೆ ರಸ್ತೆ, ಕಾಲುಸಂಕ ಬೇಕಾಗುವುದಿಲ್ಲ ಎನ್ನುತ್ತಾರಲ್ಲ?

ಹೀಗೆ ಹೇಳುವವರನ್ನು ನಂಬಬೇಡಿ. ಶಾಲೆಗೆ ಹೋಗುವ ಮಗು ಅಡಿಕೆ ದಬ್ಬೆಯ ಸಂಕದ ಮೇಲೆ ಕೊಡೆ ಹಿಡಿದು ಹಳ್ಳ ದಾಟುವ ಊರುಗಳು ಇನ್ನೂ ಇವೆ. ದಬ್ಬೆ ನೆನೆದು ಪಾಚಿ ಕಟ್ಟಿದರೆ ಕಾಲು ಜಾರುತ್ತದೆ, ಕೆಳಗೆ ಕೆಂಪು ನೀರು. ಅಲ್ಲಿ ಬೇಕಾದದ್ದು ಎರಡು ಬದಿ ಕೈಹಿಡಿ ಇರುವ ಕಬ್ಬಿಣದ ಕಾಲುಸಂಕ. ಒಂದು ಹಾರುಬಂಡಿಯ ದುಡ್ಡಿನಲ್ಲಿ ಹಲವು ಊರುಗಳ ಸಂಕ ಆಗುತ್ತದೆ. ಸಂಕಕ್ಕೆ ಚಾರ್ಜಿಂಗ್ ಬೇಡ, ಪೈಲಟ್ ಬೇಡ, ಆಷಾಢದಲ್ಲೂ ಕೆಲಸ ಮಾಡುತ್ತದೆ. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು ಸಂಕಕ್ಕೇ ಕೈ ಎತ್ತುತ್ತೇನೆ.

ನಮ್ಮ ಮಕ್ಕಳಿಗೆ ಇದರಲ್ಲಿ ಭವಿಷ್ಯ ಇದೆಯೇ? ಏನು ಓದಬೇಕು?

ಖಂಡಿತ ಇದೆ. ಹಾರಿಸುವವರಿಗಿಂತ ದುರಸ್ತಿ ಮಾಡುವವರು, ಬ್ಯಾಟರಿ ತಿಳಿದವರು ಹೆಚ್ಚು ಬೇಕಾಗುತ್ತಾರೆ. ಡ್ರೋನ್ ಪೈಲಟ್ ಪ್ರಮಾಣಪತ್ರಕ್ಕೆ ಹತ್ತನೇ ತರಗತಿ, 18 ವರ್ಷ ಸಾಕು. ಮಹಿಳಾ ಸ್ವಸಹಾಯ ಸಂಘಗಳಿಗೆ ಕೇಂದ್ರ ಸರ್ಕಾರದ ನಮೋ ಡ್ರೋನ್ ದೀದಿ ಯೋಜನೆ ಇದೆ, ಡ್ರೋನ್ ವೆಚ್ಚದ ಶೇ 80ರವರೆಗೆ, ಗರಿಷ್ಠ 8 ಲಕ್ಷ ರೂಪಾಯಿ ನೆರವು. ಐಟಿಐ, ಡಿಪ್ಲೊಮಾದಲ್ಲಿ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದ ಹುಡುಗಿಯರು, ಹುಡುಗರು ಈ ಕೆಲಸಕ್ಕೆ ಒದಗುತ್ತಾರೆ. ಇನ್ನೂ ಮುಂದೆ ಹೋಗುವ ಆಸೆಯಿದ್ದರೆ ಗಣಿತ, ಭೌತಶಾಸ್ತ್ರ ಬಿಡಬೇಡಿ. ಭಾರತೀಯ ವಿಜ್ಞಾನ ಸಂಸ್ಥೆ, ವಿಮಾನ ತಯಾರಿಸುವ ಎಚ್‌ಎಎಲ್, ವಿಮಾನ ಸಂಶೋಧನೆಯ ಎನ್‌ಎಎಲ್ ಎಲ್ಲವೂ ಬೆಂಗಳೂರಿನಲ್ಲಿವೆ, ಒಂದು ರಾತ್ರಿಯ ಬಸ್ಸಿನ ದಾರಿ.

ಊರಿನವರು ಈಗ ಮಾಡಬಹುದಾದದ್ದು ಏನಾದರೂ ಇದೆಯೇ?

ಒಂದು ಕೆಲಸ ಇದೆ, ಖರ್ಚಿಲ್ಲದ್ದು. ಔಷಧಿಯ ಡ್ರೋನ್ ಬರಲಿ, ಹೆಲಿಕಾಪ್ಟರ್ ಬರಲಿ, ಮುಂದೆ ವಿದ್ಯುತ್ ಆಂಬುಲೆನ್ಸ್ ಬರಲಿ, ಇಳಿಯಲು ಜಾಗ ಎಲ್ಲಿದೆ ಎಂದು ಊರಿಗೆ ಗೊತ್ತಿರಬೇಕು. ಕಳೆದ ಡಿಸೆಂಬರ್‌ನಲ್ಲಿ ನಾವು ಐದು ಜನ ನಮ್ಮ ಶಾಲೆಯ ಮೈದಾನವನ್ನು ಟೇಪು ಹಿಡಿದು ಅಳೆದೆವು. ಉದ್ದ 62 ಮೀಟರ್, ಅಗಲ 38. ಪೂರ್ವಕ್ಕೆ ಮಾವಿನ ಮರ, ಪಶ್ಚಿಮದ ಮೂಲೆಯಲ್ಲಿ ವಿದ್ಯುತ್ ಕಂಬ, ಅದರಿಂದ ಅಡುಗೆ ಕೋಣೆಗೆ ಎಳೆದ ತಂತಿ. ಉತ್ತರದ ಕಡೆ ಗದ್ದೆ, ಅಡ್ಡ ಏನೂ ಇಲ್ಲ. ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶ ನೋಡಿ ಬರೆದುಕೊಂಡೆವು. ಆಂಬುಲೆನ್ಸ್ ಮೈದಾನದ ಅಂಚಿನವರೆಗೆ ಬರುತ್ತದೆಯೇ ಎಂದು ಜೀಪು ಓಡಿಸಿ ನೋಡಿದೆವು, ಗೇಟು ಒಂದು ಅಡಿ ಕಿರಿದಾಗಿತ್ತು. ಗೇಟನ್ನು ಅಗಲ ಮಾಡಿಸಿದೆವು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಚಿತ್ರ ಹಾಕಿ, ಒಂದು ಪ್ರತಿಯನ್ನು ಪಂಚಾಯಿತಿಗೆ, ಒಂದನ್ನು ಆರೋಗ್ಯ ಕೇಂದ್ರದ ನರ್ಸ್ ಅಕ್ಕನಿಗೆ ಕೊಟ್ಟೆವು. ಅವರು ಅದನ್ನು ಔಷಧಿ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ.